ಬ್ಯಾಟರಿ ಇಟ್ಟ ಕೋಣೆ

ಕರೆಂಟು ಹೋದ ಕೂಡಲೇ ಗೋಡೆಗೆ ಮುಖ ಮಾಡಿ ನಿಲ್ಲಬೇಕು ಎಂದು ನಮ್ಮೂರಿನಲ್ಲಿ ಯಾರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ. ದೊಡ್ಡವರು ನಿಲ್ಲುವುದನ್ನು ನೋಡಿ ಅವೂ ನಿಲ್ಲುತ್ತವೆ. ಕರೆಂಟು ಹೋದರೆ ಇಲ್ಲಿ ಶಬ್ದವೂ ಹೋಗುತ್ತದೆ. ಫ್ಯಾನು ಇನ್ನೂ ತಿರುಗುತ್ತಿರುವಾಗಲೇ ಒಗ್ಗರಣೆಯ ಚಟಪಟ ನಿಂತುಬಿಡುತ್ತದೆ, ಸಾಸಿವೆ ಮಾತ್ರ ಬಾಣಲೆಯಲ್ಲಿ ಹಾರುತ್ತಲೇ ಇರುತ್ತದೆ. ಬೀದಿಯ ನಾಯಿ ಬಾಯಿ ತೆರೆದು ಮುಚ್ಚುತ್ತದೆ. ಟಾರ್ಚು ಹೊತ್ತಿಸಿದರೂ ಟ್ರಾನ್ಸಿಸ್ಟರ್ ಹಾಕಿದರೂ ಏನೂ ಬದಲಾಗುವುದಿಲ್ಲ. ಗೋಡೆಯ ವೈರಿನಲ್ಲಿ ಹರಿಯುವ ಕರೆಂಟೇ ಬೇಕು. ಆ ಹೊತ್ತಿನಲ್ಲಿ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ತಮ್ಮ ತಮ್ಮ ಗೋಡೆಯ ಹತ್ತಿರ ಹೋಗಿ, ಬೆಳಗಿನಿಂದ ಹೇಳಲಾಗದೆ ಉಳಿದದ್ದನ್ನು ಹೇಳಿಕೊಳ್ಳುತ್ತಾರೆ. ಬೈಯುವವರು ಬೈಯುತ್ತಾರೆ, ಅಳುವವರು ಅಳುತ್ತಾರೆ. ಅದು ಯಾರ ಕಿವಿಗೂ ಬೀಳುವುದಿಲ್ಲ, ಹೇಳಿದವರ ಕಿವಿಗೂ. ಇನ್ನೊಬ್ಬರು ತುಟಿಯ ಅಲುಗಾಟ ಓದಿಯಾರು ಎಂದು ಮುಖ ಗೋಡೆಯ ಕಡೆಗೆ. ಹಾಗೆ ನಿಂತವರನ್ನು ಓರೆಗಣ್ಣಿನಿಂದ ನೋಡುವುದೆಂದರೆ ಅವರ ಟ್ರಂಕಿಗೆ ಕೈ ಹಾಕಿದ ಹಾಗೆ. ಮತ್ತೆ ಕರೆಂಟು ಬಂದ ಕ್ಷಣಕ್ಕೆ ಊರಿನ ಬಾಯೆಲ್ಲ ಒಟ್ಟಿಗೆ ಮುಚ್ಚುತ್ತದೆ, ಅತ್ತೆಯಾದವಳು ಸೊಸೆಯ ಕಡೆ ತಿರುಗಿ ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುತ್ತಾಳೆ.

ನಾನು ಗೋಡೆಯ ಮುಂದೆ ಯಾವತ್ತೂ ಬಾಯಿ ಬಿಚ್ಚಿದವನಲ್ಲ. ಸುಮ್ಮನೆ ನಿಲ್ಲುತ್ತಿದ್ದೆ. ಆ ಮೌನ ನನಗೆ ಹಿಡಿಸುತ್ತಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದವನಿಗೆ ಊರಿನಲ್ಲಿ ಬೇರೆ ಕೆಲಸ ಸಿಗಲಿಲ್ಲವಾದ್ದರಿಂದ, ದೂರದ ಒಂದು ಕಚೇರಿ ಕಳಿಸುವ ಭಾಷಣಗಳ ರೆಕಾರ್ಡಿಂಗನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ನನ್ನ ಹೊಟ್ಟೆಪಾಡು. ದಿನವಿಡೀ ಬೇರೆಯವರ ಮಾತು ಕೇಳಿದ ಮೇಲೆ ಸ್ವಂತಕ್ಕೆ ಹೇಳುವುದು ಏನೂ ಉಳಿಯುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಹೆಂಡತಿ ವಾರಿಜಾಳದೂ ಮಾತು ಕಮ್ಮಿ. ಹಜಾರದಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನಮ್ಮಿಬ್ಬರಿಗೆ ಹೊಂದಿಕೊಂಡು ಹೋಗಿದೆ ಎಂದುಕೊಂಡಿದ್ದೆ.

ಆ ವರ್ಷ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗತೊಡಗಿತು. ಅರ್ಧ ಟೈಪ್ ಮಾಡಿದ್ದು ಉಳಿಸುವ ಮೊದಲೇ ಕಂಪ್ಯೂಟರ್ ಆರಿಹೋಗುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಚೇರಿಯವರು ಹೇಳಿದ ಮೇಲೆ ನಾನು ಪಕ್ಕದ ಊರಿಗೆ ಹೋಗಿ ಒಂದು ಯುಪಿಎಸ್ಸು, ಅದಕ್ಕೊಂದು ದೊಡ್ಡ ಬ್ಯಾಟರಿ ಗೊತ್ತುಮಾಡಿ ಬಂದೆ. ಅಂಗಡಿಯ ಇಲಿಯಾಸ್ ಎಂಬಾತ ಅದನ್ನು ಆಟೋದಲ್ಲಿ ಹೇರಿಕೊಂಡು ಬಂದು ಕೂರಿಸಿದ.

"ನಿಮ್ಮೂರಿಂದ ಇದೇ ಮೊದಲ್ನೇದು ಸಾರ್," ಅಂದ ಅವನು, ಬ್ಯಾಟರಿಯ ಕೆಳಗೆ ಹಲಗೆ ಸರಿಸುತ್ತಾ. "ಸುತ್ತಮುತ್ತ ಎಲ್ಲಾ ಊರಿಗೂ ಹಾಕಿದ್ದೀನಿ. ಇಲ್ಲಿ ಬ್ಯಾಂಕಲ್ಲೂ ಇಲ್ಲ, ಅಕ್ಕಿ ಮಿಲ್ಲಲ್ಲೂ ಇಲ್ಲ. ಕೇಳಿದ್ರೆ ಆಮೇಲೆ ನೋಡೋಣ ಅಂತಾರೆ. ಕತ್ತಲೇಲಿ ಕೂರೋದು ಅಷ್ಟು ಇಷ್ಟವಾ ನಿಮ್ ಜನಕ್ಕೆ?"

"ಅಭ್ಯಾಸ," ಅಂದೆ.

"ಒಳ್ಳೇ ಅಭ್ಯಾಸ ಬಿಡಿ. ನಮ್ಮ ವ್ಯಾಪಾರಕ್ಕೆ ಕಲ್ಲು." ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ ನಟ್ಟು ಬಿಗಿದ. "ನೀರು ನೋಡ್ತಾ ಇರಿ. ಈ ತೇಲುಗಡ್ಡಿ ಕೆಂಪಿಗೆ ಇಳಿದ್ರೆ ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಹಾಕಿ ಆಮೇಲೆ ನನ್ನನ್ನ ಬೈಬೇಡಿ. ಈಗ ಈ ರೂಮಿನ ಬೋರ್ಡಿಗೆ ಮಾತ್ರ ಲೈನ್ ಕೊಟ್ಟಿದ್ದೀನಿ. ಹಜಾರಕ್ಕೆ, ಅಡಿಗೆಮನೆಗೆ ಒಂದೊಂದು ಲೈಟ್ ಎಳೀಲಾ? ವೈರು ಹೇಗೂ ಉಳಿದಿದೆ."

ಬಾಗಿಲಲ್ಲಿ ನಿಂತಿದ್ದ ವಾರಿಜಾ ನನಗಿಂತ ಮೊದಲೇ ಉತ್ತರ ಕೊಟ್ಟಳು. "ಹಜಾರಕ್ಕೂ ಬೇಡಪ್ಪ, ಅಡಿಗೆಮನೆಗಂತೂ ಬೇಡವೇ ಬೇಡ. ಅಲ್ಲಿ ಹೋದ್ರೆ ಹೋಗ್ಲಿ."

ಅವಳು ಹೊರಗಿನವರ ಮುಂದೆ ಅಷ್ಟು ಬೇಗ ಬಾಯಿ ಹಾಕಿದ್ದು ನಾನು ಕಂಡಿರಲಿಲ್ಲ. ಅನುಮಾನ ಹುಟ್ಟಿದ್ದು ಆಗಲೇ ಇರಬೇಕು.

ಮಾರನೆಯ ಮಧ್ಯಾಹ್ನವೇ ಕರೆಂಟು ಹೋಯಿತು. ನನಗೆ ಮೊದಲು ಕೇಳಿಸಿದ್ದು ಯುಪಿಎಸ್ಸಿನ ಬೀಪ್. ಹುಟ್ಟಿದಾಗಿನಿಂದ ಈ ಊರಿನಲ್ಲಿ ಕರೆಂಟಿಲ್ಲದ ಹೊತ್ತಿನಲ್ಲಿ ಒಂದು ಶಬ್ದ ಕೇಳಿದವನಲ್ಲ ನಾನು, ಕುರ್ಚಿಯಿಂದ ಎದ್ದುಬಿಟ್ಟೆ. ಪರದೆ ಆರಿರಲಿಲ್ಲ. ಹೆಡ್‌ಫೋನಿನಲ್ಲಿ ಯಾರೋ ಒಬ್ಬರು ಸಹಕಾರಿ ಬ್ಯಾಂಕುಗಳ ಬಗ್ಗೆ ಮಾತಾಡುತ್ತಲೇ ಇದ್ದರು. ಅದನ್ನು ತೆಗೆದಿಟ್ಟಾಗ ಕಿಟಕಿಯಿಂದ ಒಂದು ಗದ್ದಲ ಒಳಗೆ ಬಂತು. ಸಂತೆಯ ಗದ್ದಲದ ಹಾಗೆ, ಆದರೆ ಸಂತೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರ ಇರುತ್ತದೆ. ಇಲ್ಲಿ ಯಾರೂ ಯಾರಿಗೂ ಉತ್ತರಿಸುತ್ತಿರಲಿಲ್ಲ. ಒಬ್ಬಳು ಒಂದೇ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ಒಬ್ಬ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದ. ಎದುರು ಮನೆಯ ಪುಟ್ಟತಾಯಮ್ಮ, ಬೀದಿಗೆಲ್ಲ ಹಿರಿಯಳು, ಸೊಸೆಯ ಬಗ್ಗೆ ಬೆಣ್ಣೆಯಂಥ ಮಾತಾಡುವವಳು, ಅದೇ ಸೊಸೆಯ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಅವಳ ಸೊಸೆ ಅದೇ ಮನೆಯ ಇನ್ನೊಂದು ಗೋಡೆಗೆ ಅತ್ತೆಯ ಶ್ರಾದ್ಧದ ಅಡಿಗೆ ವಿವರಿಸುತ್ತಿದ್ದಳು.

ಇದು ಕಂಪ್ಯೂಟರಿನದೇ ಏನೋ ಕಿತಾಪತಿ ಎಂದು ಮೊದಲು ಸಂಶಯಪಟ್ಟೆ. ಸ್ಪೀಕರಿನ ವೈರು ಕಿತ್ತೆ. ಗದ್ದಲ ನಿಲ್ಲಲಿಲ್ಲ. ಕೋಣೆಯ ಹೊಸ್ತಿಲಾಚೆ ಒಂದು ಹೆಜ್ಜೆ ಇಟ್ಟೆ; ಹತ್ತಿ ತುರುಕಿದ ಹಾಗೆ ಎಲ್ಲ ಮುಚ್ಚಿಕೊಂಡಿತು. ಹೆಜ್ಜೆ ಹಿಂದಿಟ್ಟೆ, ಪುಟ್ಟತಾಯಮ್ಮ ಬೈಗುಳದ ಇನ್ನೊಂದು ಸುತ್ತಿನಲ್ಲಿದ್ದಳು. ಹೀಗೆ ಮುಂದೆ ಹಿಂದೆ ಆಡುತ್ತಾ ನಿಂತಾಗ ನನಗೆ ತಿಳಿಯಿತು. ಕರೆಂಟು ಹೋದರೆ ಹೋಗುತ್ತಿದ್ದದ್ದು ಮಾತಲ್ಲ, ನಮ್ಮ ಕಿವಿ. ನಮ್ಮ ಅಪ್ಪ ಅಜ್ಜಂದಿರ ಕಾಲದಿಂದ ಗೋಡೆಗೆ ಹೇಳಿಕೊಂಡದ್ದೆಲ್ಲ ಊರಿನ ಗಾಳಿಯಲ್ಲಿ ಗಟ್ಟಿಯಾಗಿಯೇ ಹೋಗಿತ್ತು. ಕೇಳುವುದಕ್ಕೆ ಒಬ್ಬನೂ ಇರಲಿಲ್ಲ ಅಷ್ಟೆ. ಈಗ ಒಬ್ಬನಿದ್ದ.

ಆಗ ಪಕ್ಕದ ಅಡಿಗೆಮನೆಯಿಂದ ವಾರಿಜಾಳ ಧ್ವನಿ ಬಂತು.

"ಈ ಕಾವಲಿ ನನ್ನ ಜೀವ ತಿಂತದೆ. ನಡೂಮಧ್ಯ ಕಚ್ಚಿಕೊಳ್ಳುತ್ತೆ, ಒಂದು ದೋಸೆ ಇಡಿಯಾಗಿ ಏಳಲ್ಲ. ಏಳದೇ ಇರೋ ದೋಸೆ ತಿಂದುಕೊಂಡು ಸುಮ್ಮನೆ ಎದ್ದು ಹೋಗ್ತಾರಲ್ಲ, ಹರಿದಿದೆ ಅಂತಾನಾದ್ರೂ ಒಂದು ಮಾತು ಅನ್ನಬಾರದಾ ಮನುಷ್ಯ."

ಅಷ್ಟು ಉದ್ದದ ಮಾತು ನಾನು ಅವಳಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಮುಂದಿನದನ್ನು ಕೇಳುವ ಮೊದಲೇ ಕರೆಂಟು ಬಂತು. ನಾನು ಕಿಟಕಿಯಿಂದ ದೂರ ಸರಿದು ಟೈಪ್ ಮಾಡುತ್ತಿರುವವನ ಹಾಗೆ ಕೂತೆ.

ಆ ವಾರವೇ ಪೇಟೆಗೆ ಹೋದವನು ಒಂದು ಹೊಸ ಕಬ್ಬಿಣದ ಕಾವಲಿ ತಂದೆ. ಅದು ಪ್ರೀತಿಯಿಂದಲೇ. ಬೇರೆ ಊರಿನ ಗಂಡ ಹೀಗೆ ಮಾಡಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ನಮ್ಮೂರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಇಲ್ಲಿ ಒಬ್ಬರ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರ ಕೈಯಲ್ಲಿ ವಸ್ತುವಾಗಿ ಬರುವುದೆಂದರೆ ಎಲ್ಲೋ ತೂತು ಬಿದ್ದಿದೆ ಎಂದು ಅರ್ಥ.

ವಾರಿಜಾ ಕಾವಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು.

"ಹಳೇದಕ್ಕೆ ಏನಾಗಿತ್ತು?"

"ಹಳೇದಾಗಿತ್ತಲ್ಲ."

"ನಾನೇನಾದ್ರೂ ಅಂದಿದ್ನಾ?"

"ನೀನೇನೂ ಅಂದಿಲ್ಲ."

"ಮತ್ತೆ?"

"ಅಂಗಡೀಲಿ ಕಾಣಿಸ್ತು, ತಂದೆ. ಅದಕ್ಕೂ ವಿಚಾರಣೆ ಬೇಕಾ?"

"ಮದುವೆಯಾದಾಗಿಂದ ಅಂಗಡೀಲಿ ನಿಮಗೆ ಇದೊಂದೇ ಕಾಣಿಸಿದ್ದು ನೋಡಿ," ಅಂದಳು. ಅದನ್ನು ಅಡಿಗೆಮನೆಯ ಮೊಳೆಗೆ ತೂಗುಹಾಕಿದಳು. ದೋಸೆ ಹಳೆಯ ಕಾವಲಿಯಲ್ಲೇ ಹುಯ್ದಳು. ಹರಿದ ದೋಸೆಯನ್ನು ನಾನು ಸುಮ್ಮನೆ ತಿಂದೆ. ಹರಿದಿದೆ ಎಂದರೂ ಕಷ್ಟ, ಅನ್ನದಿದ್ದರೂ ಕಷ್ಟ ಅನ್ನಿಸಿತು.

ಮುಂದಿನ ಸಲ ಕರೆಂಟು ಹೋದಾಗ ನಾನು ಬೀದಿಯ ಗದ್ದಲಕ್ಕೆ ಕಿಟಕಿ ಮುಚ್ಚಿ, ಅಡಿಗೆಮನೆಯ ಗೋಡೆಗೆ ಕಿವಿ ಕೊಟ್ಟೆ. ಮೊದಲು ಪಾತ್ರೆ ಸರಿಸಿದ ಸದ್ದು ಮಾತ್ರ. ಆಮೇಲೆ ಮೆಲ್ಲಗೆ, ಲೆಕ್ಕ ಒಪ್ಪಿಸುವ ಧ್ವನಿಯಲ್ಲಿ, "ಹೋಗ್ತೀನಿ," ಅಂದಳು. "ಕೈಯಲ್ಲಿರೋ ಸೀರೆಗಳು ಮುಗೀಲಿ, ಹೋಗ್ತೀನಿ. ಸುಲೋಚನಾ ಕರೀತಾನೇ ಇದ್ದಾಳೆ. ಅವರೂರಲ್ಲಿ ಕರೆಂಟ್ ಹೋದ್ರೂ ಮಾತು ಕೇಳುತ್ತಂತೆ. ಕತ್ತಲೇಲಿ ಎಲ್ಲರೂ ಒಟ್ಟಿಗೆ ಕೂತು ಮಾತಾಡ್ತಾರಂತೆ. ಇಲ್ಲಿ ಬೆಳಕಲ್ಲೂ ಇಲ್ಲ."

ಸುಲೋಚನಾ ಅವಳ ಅಕ್ಕ. ಬೇರೆ ಜಿಲ್ಲೆಯಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಹೋಗುವುದೆಂದರೆ ನಾಲ್ಕು ದಿನಕ್ಕೋ, ಪೂರ್ತಿಗೋ ಎಂಬುದು ಆ ಮಾತಿನಲ್ಲಿ ಇರಲಿಲ್ಲ. ಆದರೆ ನಾಲ್ಕು ದಿನಕ್ಕೆ ಹೋಗುವವರು ಅದನ್ನು ಗೋಡೆಗೆ ಹೇಳುವುದಿಲ್ಲ.

ಅಲ್ಲಿಂದ ಮುಂದೆ ನಾನು ಅವಳನ್ನು ಕಾಯತೊಡಗಿದೆ. ಕುಚ್ಚು ಕಟ್ಟಲು ಬಂದ ಸೀರೆಗಳ ಗಂಟು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಹೊಸದಾಗಿ ಸೀರೆ ತಂದವರನ್ನು ಅವಳು ಬಾಗಿಲಲ್ಲೇ ವಾಪಸು ಕಳಿಸುವುದನ್ನು ನೋಡಿದೆ. ಅವಳು ಸ್ನಾನಕ್ಕೆ ಹೋದಾಗ ಅವಳ ಪೆಟ್ಟಿಗೆ ತೆರೆದೆ. ಮಡಚಿಟ್ಟ ಬಟ್ಟೆ, ಅದು ಯಾವಾಗಲೂ ಮಡಚಿಯೇ ಇರುತ್ತದೆ. ಅದರಿಂದ ಏನು ತಿಳಿಯಬೇಕು? ಸುಲೋಚನಾಳ ಹೆಸರಿನ ಹಿಂದೆ ಬೇರೆ ಯಾರೋ ಇದ್ದಾರೆಯೇ ಎಂದೂ ಯೋಚಿಸಿದೆ. ಯೋಚಿಸುವುದಕ್ಕೆ ಯಾವ ಆಧಾರವೂ ಇರಲಿಲ್ಲ, ಅದಕ್ಕೇ ಅದು ಬೇಗ ಬೆಳೆಯಿತು.

"ಯಾಕೆ, ಹೊಸ ಸೀರೆ ತಗೊಳ್ತಾ ಇಲ್ಲ?" ಎಂದು ಒಂದು ದಿನ ಕೇಳಿದೆ.

"ಬೆರಳು ನೋಯುತ್ತೆ."

"ಡಾಕ್ಟರಿಗೆ ತೋರಿಸು."

"ಬೆರಳಿಗೆಲ್ಲ ಯಾವ ಡಾಕ್ಟ್ರು," ಅಂದಳು. ಬೆರಳುಗಳು ಮಾತ್ರ ಎಂದಿಗಿಂತ ಚುರುಕಾಗಿ ರೇಷ್ಮೆ ಎಳೆ ಗಂಟು ಹಾಕುತ್ತಿದ್ದವು.

ಮೊದಲು ಕರೆಂಟು ಹೋದರೆ ಶಪಿಸುತ್ತಿದ್ದವನು ಈಗ ಅದು ಹೋಗುವುದನ್ನೇ ಕಾಯುತ್ತಿದ್ದೆ. ಕಂಪ್ಯೂಟರ್ ಆರದೆ ಉಳಿಯಲೆಂದು ತಂದ ಬ್ಯಾಟರಿ. ಅದು ಆರದೆ ಉರಿಯುವಾಗ ನಾನು ಒಂದಕ್ಷರ ಟೈಪ್ ಮಾಡುತ್ತಿರಲಿಲ್ಲ. ಗೋಡೆಗೆ ಕಿವಿ ಒತ್ತಿ ನಿಂತಿರುತ್ತಿದ್ದೆ. ವಾರಿಜಾ ಮಾತ್ರ ನಿಲ್ಲಿಸಿಬಿಟ್ಟಿದ್ದಳು. ಅಡಿಗೆಮನೆಯಲ್ಲಿ ಉಸಿರು ಕೇಳುತ್ತಿತ್ತು, ಬಳೆ ಕೇಳುತ್ತಿತ್ತು, ಮಾತಿಲ್ಲ. ಗೊತ್ತಾಗಿ ಸುಮ್ಮನಿದ್ದಾಳೋ, ಹೇಳುವುದೆಲ್ಲ ಹೇಳಿ ಮುಗಿಯಿತೋ, ತಿಳಿಯದೆ ಹೋಯಿತು. ಮೌನದಲ್ಲಿ ಇಷ್ಟು ಬಗೆ ಇದೆ ಎಂದು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ.

ಬೀದಿಯೂ ಬದಲಾಗುತ್ತಿತ್ತು. ನಮ್ಮ ಕಿಟಕಿಯಲ್ಲಿ ಯುಪಿಎಸ್ಸಿನ ಹಸಿರು ದೀಪ ಕಂಡವರು ಕರೆಂಟು ಹೋದಾಗ ಮುಂದಿನ ಗೋಡೆ ಬಿಟ್ಟು ಹಿತ್ತಲಿನ ಗೋಡೆಗೆ ಹೋಗತೊಡಗಿದರು. ನಾನು ಅಂಗಡಿಗೆ ಹೋದರೆ ಮಾತಾಡುತ್ತಿದ್ದವರು ಪೊಟ್ಟಣ ತೆಗೆದುಕೊಂಡು ಎದ್ದು ಹೋಗುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಬೇಕಾದರೆ, ನಾವು ಗೋಡೆಗೆ ಏನೋ ಹೇಳುತ್ತೇವೆ ಎಂದು ಅವರು ಮೊದಲು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಕೊನೆಗೆ ಕೇಳಿದವಳು ಪುಟ್ಟತಾಯಮ್ಮ. ಒಂದು ಬೆಳಗ್ಗೆ ಕರಿಬೇವು ಬೇಕು ಎಂದು ಬಂದು ಹಜಾರದಲ್ಲಿ ವಾರಿಜಾಳ ಎದುರು ಕೂತಳು. ನಾನು ಕೋಣೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು.

"ಏನವ್ವ ವಾರಿಜಾ, ನಿನ್ನ ಗಂಡ ಅದೇನೋ ದೊಡ್ಡ ಡಬ್ಬ ತಂದು ಇಟ್ಟವನಂತೆ. ಕರೆಂಟು ಹೋದಾಗ ಒಳಗೆ ಹಸುರಾಗಿ ಕಣ್ಣು ಬಿಡ್ತದೆ. ನಮ್ಮ ಬೆಕ್ಕೇ ನಿಮ್ಮನೇಲಿ ಸೇರ್ಕೊಂಡದೆ ಅಂದ್ಕೊಂಡಿದ್ದೆ."

"ಅದು ಕಂಪ್ಯೂಟರಿಗೆ, ದೊಡ್ಡಮ್ಮ."

"ಕಂಪ್ಯೂಟರಿಗೆ ಅಂತಾನೆ ಎಲ್ಲರೂ ಹೇಳ್ತಾರೆ. ನಾನು ಕೇಳೋದು ಏನಂದ್ರೆ, ಅದು ಇದ್ದರೆ ಮನುಷ್ಯರಿಗೆ," ಎಂದು ನಿಲ್ಲಿಸಿ ತನ್ನ ಕಿವಿಯ ಓಲೆ ಮುಟ್ಟಿಕೊಂಡಳು, "ಮನುಷ್ಯರಿಗೇನಾದ್ರೂ ಆಯ್ತದಾ?"

ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ವಾರಿಜಾ ಹೌದು ಎಂದರೆ ಆ ಸಂಜೆಯೊಳಗೆ ಬೀದಿಯೆಲ್ಲ ನಮ್ಮ ಬಾಗಿಲಿಗೆ ಬರುತ್ತಿತ್ತು. ಅವಳ ಕೈಯಲ್ಲಿದ್ದ ದಾರ ತುಂಡಾದ ಸದ್ದು ಕೇಳಿಸಿತು. ಹಲ್ಲಿನಿಂದ ಕಚ್ಚಿದ್ದಿರಬೇಕು.

"ಏನೂ ಆಗಲ್ಲ ದೊಡ್ಡಮ್ಮ. ನಾನೇ ಒಳಗೆ ಕೂತು ನೋಡಿದ್ದೀನಿ. ಹೊರಗೆ ಹೇಗೋ ಒಳಗೂ ಹಾಗೆ. ಒಂದು ಪಿಸುಮಾತೂ ಕೇಳಲ್ಲ."

"ನಿಜ ತಾನೆ?"

"ನಾನ್ಯಾಕೆ ಸುಳ್ಳು ಹೇಳ್ಲಿ?"

"ನೀನು ಹೇಳಲ್ಲ ಕಣವ್ವ," ಅಂದಳು ಪುಟ್ಟತಾಯಮ್ಮ, ನೆಮ್ಮದಿಯಿಂದ ಮಂಡಿ ಹಿಡಿದು ಏಳುತ್ತಾ. "ನಮ್ಮ ಸೊಸೆ ನೋಡು, ಅವಳೂ ನಿನ್ನ ಹಂಗೆಯಾ, ಚಿನ್ನದಂಥಾ ಹುಡುಗಿ." ಕರಿಬೇವು ಮರೆತು ಹೋದಳು.

ನಾನು ಹಜಾರಕ್ಕೆ ಬಂದೆ. ವಾರಿಜಾ ತಲೆ ಎತ್ತಲಿಲ್ಲ. ಅವಳ ತೊಡೆಯ ಮೇಲಿದ್ದ ನೀಲಿ ಸೀರೆಯ ಪಕ್ಕದಲ್ಲಿ ಸೀರೆಗಳ ಗಂಟು ಇರುತ್ತಿದ್ದ ಜಾಗ ಖಾಲಿಯಾಗಿತ್ತು. ಅದೇ ಕೊನೆಯ ಸೀರೆ.

"ಯಾವಾಗ ಕೂತಿದ್ದೆ ಒಳಗೆ?" ಎಂದೆ.

"ನೀವು ಪೇಟೆಗೆ ಹೋದಾಗ ಕರೆಂಟ್ ಹೋಗಲ್ವಾ?"

"ಮತ್ತೆ ಏನೂ ಕೇಳಲ್ಲ ಅಂದೆ?"

"ಯಾಕೆ, ಕೇಳುತ್ತಾ?" ಈಗ ತಲೆ ಎತ್ತಿದಳು. "ನೀವು ಹೇಳಿದ್ರೆ ತಾನೆ ನಂಗೆ ಗೊತ್ತಾಗೋದು."

ನಾನು ಹೇಳಲಿಲ್ಲ. ಅವಳು ಕಾದಳು. ಆ ಕಾಯುವಿಕೆ ಮುಗಿದದ್ದು ನನಗೆ ಕಣ್ಣಿಗೆ ಕಂಡಿತು. ಅವಳು ಮತ್ತೆ ಸೂಜಿ ಎತ್ತಿಕೊಂಡಳು.

ಊಟದ ಹೊತ್ತಿಗೆ ನೀಲಿ ಸೀರೆ ಮುಗಿದಿತ್ತು. ಅದನ್ನು ಮಡಚಿ ಬೆಂಚಿನ ಮೇಲಿಟ್ಟು ಅವಳು ಕೈ ತೊಳೆದಳು. ತಟ್ಟೆ ಹಾಕಬೇಕೆನ್ನುವಾಗ ಕರೆಂಟು ಹೋಯಿತು. ನಲ್ಲಿಯಿಂದ ನೀರು ಸದ್ದಿಲ್ಲದೆ ಬೀಳುತ್ತಿತ್ತು, ಅವಳೇ ನಿಲ್ಲಿಸಿದಳು. ನಾನು ಅಭ್ಯಾಸದಂತೆ ಕೋಣೆಯ ಕಡೆ ತಿರುಗಿದೆ. ಅವಳು ನನಗಿಂತ ಮೊದಲು ಹೋಗಿ, ನನ್ನ ಕುರ್ಚಿಯನ್ನು ಎಳೆದು, ಅದರಲ್ಲಿ ಕೂತಳು. ಪರದೆಯ ಬೆಳಕು ಅವಳ ಮುಖದ ಒಂದು ಬದಿಗೆ ಬಿದ್ದಿತ್ತು. ನಾನು ಹೊಸ್ತಿಲಿನ ಈಚೆಗೆ ನಿಂತೇ ಇದ್ದೆ. ಅವಳು ಕೈ ಎತ್ತಿ ಅಡಿಗೆಮನೆಯ ಕಡೆ ತೋರಿಸಿದಳು. ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟು ತೋರಿಸುವವರ ಹಾಗೆ.

ಅಡಿಗೆಮನೆಯಲ್ಲಿ ಅವಳ ಗೋಡೆ ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ನೀರಿನ ಹಂಡೆಯ ಪಕ್ಕದಲ್ಲಿ, ಸುಣ್ಣದ ಮೇಲೆ, ಹಣೆ ಊರಿ ಊರಿ ಎಣ್ಣೆಯ ಒಂದು ಕಲೆ ಆಗಿತ್ತು. ಅದರ ಹಿಂದೆಯೇ ನನ್ನ ಕೋಣೆ. ನನ್ನ ಹಣೆ ಅಲ್ಲಿಗೆ ಸೇರಬೇಕಾದರೆ ಬಗ್ಗಬೇಕಾಯಿತು. ಬಗ್ಗಿ ನಿಂತೆ. ಗೋಡೆಗೆ ಮಾತಾಡುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಊರಿನ ಚಿಕ್ಕ ಮಕ್ಕಳಿಗೂ ಬರುವ ಕೆಲಸ. ಅವರಿಗೆ ಕೇಳುವವರು ಯಾರೂ ಇಲ್ಲ ಎಂಬ ಧೈರ್ಯವಿತ್ತು. ನನಗೆ ಕೇಳುವವಳು ಇದ್ದಳು, ಕೇಳದವನು ನಾನೊಬ್ಬನೇ. ಅಥವಾ ಅವಳು ಎದ್ದು ಹಜಾರಕ್ಕೆ ಹೋಗಿ ಪೆಟ್ಟಿಗೆ ಎತ್ತಿಕೊಂಡಿದ್ದರೆ? ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

ಕಾವಲಿಯಿಂದ ಶುರುಮಾಡಿದೆ. ನೀನು ಅಂದದ್ದು ಕೇಳಿಯೇ ತಂದದ್ದು ಎಂದೆ, ಅಥವಾ ಅಂದೆ ಎಂದುಕೊಂಡೆ. ತುಟಿ ಅಲುಗಿದ್ದು ಗೊತ್ತಾಯಿತು, ಗಂಟಲು ನಡುಗಿದ್ದು ಗೊತ್ತಾಯಿತು, ಅದು ಎಷ್ಟು ಗಟ್ಟಿಯಾಗಿ ಹೋಯಿತೋ ಗೊತ್ತಿಲ್ಲ. ಹೋಗ್ತೀನಿ ಅಂದದ್ದೂ ಕೇಳಿಸಿತು ಎಂದೆ. ಪೆಟ್ಟಿಗೆ ತೆರೆದದ್ದು ಹೇಳಿದೆ. ಸುಲೋಚನಾಳ ಹೆಸರಿನ ಹಿಂದೆ ಯಾರನ್ನೋ ಹುಡುಕಿದ್ದೂ ಹೇಳಿದೆ. ದೋಸೆ ಹರಿದದ್ದು ಮೊದಲ ದಿನದಿಂದ ನೋಡಿದ್ದೇನೆ ಎಂದೆ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀಯ ಎಂದು ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಸುಲಭವಾಯಿತು. ನಿನ್ನ ಮೌನ ನನ್ನದರ ಹಾಗೇ ಇದೆ ಎಂದು ತಿಳಿದಿದ್ದೆ. ನೀನು ಮಾತಿಗಾಗಿ ಕಾಯುತ್ತಿದ್ದೆ ಎಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸುಣ್ಣದ ವಾಸನೆ ಮೂಗಿಗೆ ಬರುತ್ತಿತ್ತು. ನಾನು ಏನು ಹೇಳಬೇಕೆಂದು ಬಂದಿದ್ದೆನೋ ಅದರ ಸುತ್ತಲೇ ಸುತ್ತುತ್ತಿದ್ದೇನೆ ಅನ್ನಿಸಿ, ಕಣ್ಣು ಮುಚ್ಚಿ, ಅದನ್ನೇ ಹೇಳತೊಡಗಿದೆ.

"...ಹೋಗಬೇಡ ಅನ್ನೋಕೆ ನಂಗೆ ಮುಖ ಇಲ್ಲ, ಆದ್ರೂ ನಾನು," ಎಂದು ಯಾರೋ ನನ್ನ ಕಿವಿಯಲ್ಲೇ ಕೂಗಿದರು. ಕರೆಂಟು ಬಂದಿತ್ತು. ಅದು ನನ್ನ ಧ್ವನಿ, ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿ, ಒರಟಾಗಿ. ಬೀದಿಯುದ್ದಕ್ಕೂ ಎಲ್ಲ ಮನೆಯ ಬಾಯಿ ಮುಚ್ಚಿದ ಹೊತ್ತಿಗೆ ನನ್ನದೂ ತಾನಾಗಿ ಮುಚ್ಚಿಕೊಂಡಿತು.

ಗೋಡೆಯ ಆಚೆ ಕುರ್ಚಿ ಕಿರ್ರೆಂದಿತು. ಅವಳು ಎದ್ದಳೋ, ಇನ್ನೂ ಹತ್ತಿರಕ್ಕೆ ಸರಿದಳೋ ತಿಳಿಯಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಅಂದಳು.

ಎದುರು ಮನೆಯ ಕಿಟಕಿ ತೆರೆದೇ ಇತ್ತು. ಪುಟ್ಟತಾಯಮ್ಮ ಸೊಸೆಗೆ ಅನ್ನ ಬಡಿಸಲು ಹೇಳುತ್ತಿದ್ದವಳು ಸುಮ್ಮನಾದಳು. ನಾನು ಹಣೆ ಗೋಡೆಯಿಂದ ತೆಗೆದು, ಕೋಣೆಯ ಬಾಗಿಲಿನ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಉಳಿದದ್ದನ್ನು ಹೇಳಿದೆ.